ತಕ್ಕಡಿಗೆ ಮುದ್ರೆ ಉಂಟು, ಈ ಯಂತ್ರಕ್ಕೆ ಯಾರ ಮುದ್ರೆ?

ಬೋಳಾರ: ಮಾರಿಗುಡಿ ಕಡೆಯಿಂದ ಮಂಗಳಾದೇವಿ ತನಕ ಒಮ್ಮೆ ನಡೆದುಕೊಂಡು ಹೋಗಿ. ದಿನಸಿ ಅಂಗಡಿ ಇರಲಿ, ತರಕಾರಿ ಅಂಗಡಿ ಇರಲಿ, ಮೀನು ಮಾರುವ ಜಾಗ ಇರಲಿ, ತೂಗುವ ಯಂತ್ರಕ್ಕೆ ಸರಕಾರದ ಮುದ್ರೆ ಬೇಕೇ ಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಶುಲ್ಕ ಕಟ್ಟಿ, ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಇಲ್ಲದ ತಕ್ಕಡಿಯಲ್ಲಿ ಕಾಲು ಕಿಲೋ ಬೆಂಡೆಕಾಯಿ ತೂಗಿ ಇಲಾಖೆಯವರ ಕೈಗೆ ಸಿಕ್ಕಿಬಿದ್ದರೆ ದಂಡ ಗ್ಯಾರಂಟಿ. ಅಂಗಡಿ ಯಜಮಾನರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಈಗ ಊರಿಗೆ ಇನ್ನೊಂದು ತಕ್ಕಡಿ ಬಂದಿದೆ. ಇದು ಬೆಂಡೆಕಾಯಿ ತೂಗುವುದಿಲ್ಲ, ಮಕ್ಕಳ ಪ್ರಾಮಾಣಿಕತೆಯನ್ನು ತೂಗುತ್ತದೆ. ವಿದ್ಯಾರ್ಥಿ ಬರೆದ ಪ್ರಬಂಧ, ಅಸೈನ್‌ಮೆಂಟು, ಪ್ರಾಜೆಕ್ಟ್ ರಿಪೋರ್ಟು, ಯಾವುದನ್ನು ಬೇಕಾದರೂ ಅದರೊಳಗೆ ಹಾಕಿ. ಅರೆ ನಿಮಿಷದಲ್ಲಿ ತೀರ್ಪು ಬರುತ್ತದೆ: "ಇದರಲ್ಲಿ ಶೇ. 70 ಎಐ ಬರೆದದ್ದು." ಎಐ ಅಂದರೆ ಕೃತಕ ಬುದ್ಧಿಮತ್ತೆ, ಚಾಟ್‌ಜಿಪಿಟಿ, ಜೆಮಿನಿ ಮುಂತಾದ ಬರೆಯುವ ಯಂತ್ರಗಳು. ಅದನ್ನು ಹಿಡಿಯಲಿಕ್ಕೆ ಮತ್ತೊಂದು ಯಂತ್ರ. ಕಳ್ಳನನ್ನು ಹಿಡಿಯಲು ಕಳ್ಳನ ತಮ್ಮನನ್ನೇ ಇಟ್ಟ ಹಾಗೆ.

ತಮಾಷೆ ಪಕ್ಕಕ್ಕಿರಲಿ. ಬೆಳಗ್ಗೆ ಸ್ಟೇಟ್‌ಬ್ಯಾಂಕ್ ಕಡೆ ಹೋಗುವ ಸಿಟಿ ಬಸ್ಸಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟು ಕೂತ ಮಕ್ಕಳಿದ್ದಾರಲ್ಲ, ಅವರ ಮಾರ್ಕು, ಸ್ಕಾಲರ್‌ಶಿಪ್ಪು, ಮುಂದೆ ಸಿಗುವ ಕೆಲಸ, ಎಲ್ಲ ಈ ಒಂದು ಶೇಕಡಾವಾರಿಗೆ ತೂಗುಹಾಕಿಕೊಳ್ಳುವ ಕಾಲ ಬಂದಿದೆ. ಹಾಗಾಗಿ ಈ ತಕ್ಕಡಿ ಸರಿ ತೂಗುತ್ತದೋ ಇಲ್ಲವೋ ಅಂತ ಕೇಳುವುದು ಅಪ್ಪ ಅಮ್ಮಂದಿರ ಹಕ್ಕು. ಅದರ ಮುದ್ರೆ ಎಲ್ಲಿ? ಹಾಕಿದವರು ಯಾರು?

ಶೇಕಡಾ ಎರಡು ಬಗೆ

ಮೊದಲು ಒಂದು ಗೊಂದಲ ಬಿಡಿಸಬೇಕು. ಕಾಲೇಜುಗಳಲ್ಲಿ ಎರಡು ಶೇಕಡಾ ಓಡಾಡುತ್ತಿವೆ. ಒಂದು ಕೃತಿಚೌರ್ಯದ ಶೇಕಡಾ, ಇನ್ನೊಂದು ಎಐ ಶೇಕಡಾ. ಎರಡೂ ಒಂದೇ ಅಂತ ತಿಳಿದವರೇ ಹೆಚ್ಚು. ಆದರೆ ಇವು ಅಜಗಜಾಂತರ.

ಕೃತಿಚೌರ್ಯಕ್ಕೆ ನಿಯಮ ಉಂಟು. ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಮಾಡಿದ ನಿಯಮ. ಸಂಶೋಧನಾ ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ. 10ರ ತನಕ ಇದ್ದರೆ ದಂಡನೆ ಇಲ್ಲ. 10 ದಾಟಿ 40ರೊಳಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇಲ್ಲಿ ಯಂತ್ರ ಬರೀ ಅಂಕಿ ಹೇಳಿ ಸುಮ್ಮನಾಗುವುದಿಲ್ಲ, ಸಾಕ್ಷಿ ತೋರಿಸುತ್ತದೆ. ಈ ಸಾಲು ಇಂಥ ಪುಸ್ತಕದ ಇಂಥ ಪುಟದಲ್ಲಿ ಉಂಟು ನೋಡಿ, ಅಂತ ಎರಡನ್ನೂ ಪಕ್ಕಪಕ್ಕ ಇಡುತ್ತದೆ. ಮೇಷ್ಟ್ರು ಕಣ್ಣಾರೆ ನೋಡಬಹುದು. ಹುಡುಗನೂ ನೋಡಬಹುದು. ತಪ್ಪಿದ್ದರೆ ವಾದ ಮಾಡಬಹುದು.

ಎಐ ಶೇಕಡಾದಲ್ಲಿ ಅಂಥ ಸಾಕ್ಷಿ ಇಲ್ಲ. ಚಾಟ್‌ಜಿಪಿಟಿ ಕೊಟ್ಟ ಉತ್ತರ ಯಾವ ಪುಸ್ತಕದಿಂದಲೂ ಅನಾಮತ್ತಾಗಿ ಎತ್ತಿದ್ದಲ್ಲ, ಆ ಹೊತ್ತಿಗೆ ಹೊಸದಾಗಿ ಹೊಸೆದದ್ದು. ಪಕ್ಕದಲ್ಲಿಟ್ಟು ತೋರಿಸಲು ಮೂಲವೇ ಇಲ್ಲ. ಹಾಗಾಗಿ ಹಿಡಿಯುವ ಯಂತ್ರ ಹೇಳುವುದು ಇಷ್ಟೇ: "ಇದು ಎಐ ಬರೆದ ಹಾಗೆ ಕಾಣುತ್ತದೆ." ಕಾಣುತ್ತದೆ ಅನ್ನುವುದು ಸಂಶಯ. ಸಂಶಯಕ್ಕೆ ಶೇಕಡಾವಾರು ಹಚ್ಚಿದ ಕೂಡಲೇ ಅದು ಪುರಾವೆ ಆಗಿಬಿಡುತ್ತದೆಯೇ?

"ರೈಟ್" ಅಂದರೆ "ಪೋಯಿ"

ಈ ಸಂಶಯ ಹುಟ್ಟುವುದು ಹೇಗೆ? ಸಿಟಿ ಬಸ್ಸಿನವರಿಗೆ ವಿವರಿಸುವುದು ಸುಲಭ. ಕಂಡಕ್ಟರ್ "ರೈಟ್" ಅಂದರೆ ಮುಂದಿನ ಮಾತು "ಪೋಯಿ" ಅಂತ ಎಲ್ಲರಿಗೂ ಗೊತ್ತು. "ದುಂಬು" ಅಂದರೆ "ಪೋಲೆ". ಕೇಳಿ ಕೇಳಿ ಬಾಯಿಪಾಠ ಆಗಿದೆ. ಬರೆಯುವ ಯಂತ್ರದ ಗುಟ್ಟೂ ಇಷ್ಟೇ. ಅದಕ್ಕೆ ಲೆಕ್ಕವಿಲ್ಲದಷ್ಟು ಪುಟಗಳನ್ನು ಓದಿಸಿಟ್ಟಿದ್ದಾರೆ. ಒಂದು ಪದ ಆದ ಮೇಲೆ ಯಾವ ಪದ ಬರುವ ಸಂಭವ ಹೆಚ್ಚು ಅಂತ ಲೆಕ್ಕ ಹಾಕಿ, ಮಲ್ಲಿಗೆ ಕಟ್ಟಿದ ಹಾಗೆ ಒಂದೊಂದೇ ಪದ ಪೋಣಿಸುತ್ತಾ ಹೋಗುತ್ತದೆ.

ಹಿಡಿಯುವ ಯಂತ್ರ ಇದನ್ನೇ ತಿರುಗಿಸಿ ನೋಡುತ್ತದೆ. ಈ ಬರಹದಲ್ಲಿ ಮುಂದಿನ ಪದವನ್ನು ನಾನು ಸುಲಭವಾಗಿ ಊಹಿಸಬಲ್ಲೆನೇ? ವಾಕ್ಯಗಳೆಲ್ಲ ಒಂದೇ ಉದ್ದ, ಒಂದೇ ಗತ್ತಿನಲ್ಲಿ ಇವೆಯೇ? ಹೌದಾದರೆ "ಯಂತ್ರ" ಅನ್ನುತ್ತದೆ. ಅನಿರೀಕ್ಷಿತ ಪದ, ಏರುಪೇರಿನ ವಾಕ್ಯ ಇದ್ದರೆ "ಮನುಷ್ಯ" ಅನ್ನುತ್ತದೆ. ಹೊಸ ಉಪಕರಣಗಳು ಮನುಷ್ಯರು ಬರೆದ ರಾಶಿ, ಯಂತ್ರ ಬರೆದ ರಾಶಿ, ಎರಡನ್ನೂ ನೋಡಿ ನೋಡಿ ವ್ಯತ್ಯಾಸ ಕಲಿಯುತ್ತವೆ. ಹೇಗೆ ಮಾಡಿದರೂ ಕೊನೆಗೆ ಅದು ಹೋಲಿಕೆಯ ಮಾತೇ.

ಹೋಲಿಕೆ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 2023ರಲ್ಲಿ ಜಿಪಿಟಿಝೀರೋ ಎಂಬ ಉಪಕರಣಕ್ಕೆ ಅಮೆರಿಕದ ಸಂವಿಧಾನದ ಭಾಗವನ್ನು ಹಾಕಿ ನೋಡಿದವರಿಗೆ ಬಂದ ಉತ್ತರ: ಬಹುತೇಕ ಎಐ ಬರೆದದ್ದು! ಆ ಸಂವಿಧಾನ ಬರೆದದ್ದು 1787ರಲ್ಲಿ. ನಮ್ಮಲ್ಲಿ ಆಗ ಟಿಪ್ಪು ಸುಲ್ತಾನನ ಕಾಲ. ಕಂಪ್ಯೂಟರ್ ಹೋಗಲಿ, ಬಲ್ಬು ಕೂಡ ಇರಲಿಲ್ಲ. ಕಾರಣ ಸರಳ. ಆ ಸಂವಿಧಾನವನ್ನು ಸಾವಿರ ಕಡೆ ಅಚ್ಚು ಹಾಕಿದ್ದಾರೆ, ಯಂತ್ರ ಅದನ್ನು ಓದಿ ಓದಿ ಬಾಯಿಪಾಠ ಮಾಡಿಕೊಂಡಿದೆ. ಮುಂದಿನ ಪದ ಸುಲಭವಾಗಿ ಗೊತ್ತಾಗುತ್ತದೆ. ಗೊತ್ತಾಯಿತು ಅಂದರೆ ಯಂತ್ರದ್ದೇ ಅಂತ ತೀರ್ಮಾನ.

ಮಾಡಿದವರೇ ಬಾಗಿಲು ಹಾಕಿದರು

ಚಾಟ್‌ಜಿಪಿಟಿ ತಯಾರಿಸಿದ ಕಂಪೆನಿಯ ಹೆಸರು ಓಪನ್‌ಎಐ. ಹಂಚು ಮಾಡಿದವನಿಗೆ ತನ್ನ ಹಂಚಿನ ಗುರುತು ಸಿಗದೆ ಇರುತ್ತದಾ ಅಂತ ಕೇಳಬಹುದು. ಸಿಗಲಿಲ್ಲ ಮಾರಾಯ್ರೇ. 2023ರ ಜನವರಿ 31ರಂದು ಆ ಕಂಪೆನಿ ತನ್ನದೇ ಒಂದು ಪತ್ತೆ ಉಪಕರಣ ಹೊರತಂದಿತು. ಅವರೇ ಒಪ್ಪಿಕೊಂಡ ಲೆಕ್ಕ ಹೀಗಿತ್ತು: ಎಐ ಬರೆದ 100 ಬರಹ ಹಾಕಿದರೆ ಅದು ಗುರುತು ಹಿಡಿದದ್ದು 26. ಉಳಿದ 74 ತಪ್ಪಿಸಿಕೊಂಡವು. ಮನುಷ್ಯರು ಬರೆದ 100ರಲ್ಲಿ 9ನ್ನು ಎಐ ಅಂತ ತಪ್ಪಾಗಿ ಹೇಳಿತು. ಆರು ತಿಂಗಳು ತುಂಬುವ ಮೊದಲೇ, ಜುಲೈ 20ರಂದು, ನಿಖರತೆ ಸಾಲದು ಅಂತ ಕಂಪೆನಿಯೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅದೇ ವರ್ಷ ಶಿಕ್ಷಕರಿಗೆ ಹೊರಡಿಸಿದ ಮಾಹಿತಿಯಲ್ಲೂ ಇಂಥ ಉಪಕರಣಗಳನ್ನು ನಂಬಿಕೊಳ್ಳಬೇಡಿ ಅನ್ನುವ ಅರ್ಥದ ಮಾತನ್ನೇ ಬರೆಯಿತು.

ಇನ್ನು ಕೆಲವರು ನೇರವಾಗಿ ಚಾಟ್‌ಜಿಪಿಟಿಯನ್ನೇ ಕೇಳುತ್ತಾರೆ: "ಇದನ್ನು ನೀನೇ ಬರೆದದ್ದಾ?" 2023ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹೀಗೆಯೇ ಕೇಳಿದರು. ಅದು "ಹೌದು" ಅಂದಿತು. ಪದವಿ ಪ್ರದಾನದ ಹೊತ್ತಿಗೆ ತರಗತಿಯ ಮಕ್ಕಳ ಮೇಲೆಲ್ಲ ಸಂಶಯ ಬಿತ್ತು. ದೊಡ್ಡ ರಂಪ ಆಗಿ, ಕೊನೆಗೆ ಯಾರನ್ನೂ ಅನುತ್ತೀರ್ಣ ಮಾಡಿಲ್ಲ ಅಂತ ವಿಶ್ವವಿದ್ಯಾನಿಲಯವೇ ಹೇಳಬೇಕಾಯಿತು. ಯಾಕೆಂದರೆ ಆ ಯಂತ್ರಕ್ಕೆ ತಾನು ಯಾರಿಗೆ ಎಂತ ಬರೆದುಕೊಟ್ಟೆ ಅನ್ನುವ ಜಮಾಖರ್ಚು ಪುಸ್ತಕ ಇರುವುದಿಲ್ಲ. ಕೇಳಿದವರಿಗೆ ಒಪ್ಪುವ ಉತ್ತರ ಕೊಟ್ಟುಬಿಡುತ್ತದೆ.

ಪೆಟ್ಟು ಬೀಳುವುದು ಯಾರಿಗೆ?

ತಪ್ಪು ಎಲ್ಲರಿಗೂ ಸಮನಾಗಿ ಹಂಚಿಕೆ ಆಗುವುದಾದರೆ ಹೋಗಲಿ ಅನ್ನಬಹುದಿತ್ತು. ಹಾಗೂ ಇಲ್ಲ. ನಮ್ಮೂರಿನವರು ಕಿವಿಗೊಟ್ಟು ಕೇಳಬೇಕಾದ ಸಂಗತಿ ಇದುವೇ.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಆಗ ಚಾಲ್ತಿಯಲ್ಲಿದ್ದ ಏಳು ಉಪಕರಣಗಳನ್ನು ಪರೀಕ್ಷೆಗೆ ಒಡ್ಡಿದರು. ಟೋಫೆಲ್ ಅಂತ ಒಂದು ಪರೀಕ್ಷೆ ಉಂಟು. ಇಂಗ್ಲಿಷ್ ತಾಯ್ನುಡಿ ಅಲ್ಲದವರು ಪರದೇಶಕ್ಕೆ ಓದಲು ಹೋಗುವಾಗ ಬರೆಯುವುದು. ಅಂಥ 91 ಪ್ರಬಂಧ ತೆಗೆದುಕೊಂಡರು. ಎಲ್ಲವೂ ಮನುಷ್ಯರೇ ಬರೆದವು, ಅದರಲ್ಲಿ ಸಂಶಯ ಇಲ್ಲ. ಏಳು ಉಪಕರಣಗಳು ಸರಾಸರಿ ಶೇ. 61ರಷ್ಟು ಪ್ರಬಂಧಗಳನ್ನು ಎಐ ಬರೆದದ್ದು ಅಂದವು. 91ರಲ್ಲಿ 89 ಪ್ರಬಂಧಗಳು ಕನಿಷ್ಠ ಒಂದು ಉಪಕರಣದ ಕೈಯಲ್ಲಾದರೂ "ಕಳ್ಳ" ಅನ್ನಿಸಿಕೊಂಡವು. ಅದೇ ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧ ಹಾಕಿದಾಗ? ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿದವು.

ಕಾರಣ ಎಂತ? ಪರಭಾಷೆಯಲ್ಲಿ ಬರೆಯುವವರು ಗೊತ್ತಿರುವ ಪದಗಳನ್ನೇ ಬಳಸುತ್ತಾರೆ. ತಪ್ಪಾದೀತು ಅಂತ ಹೆದರಿ ಸರಳ ವಾಕ್ಯ ಬರೆಯುತ್ತಾರೆ. ಮುಂದಿನ ಪದ ಯಂತ್ರಕ್ಕೆ ಸುಲಭವಾಗಿ ಗೊತ್ತಾಗುತ್ತದೆ.

ಈಗ ನಮ್ಮ ಮಕ್ಕಳನ್ನು ನೋಡಿ. ಮನೆಯಲ್ಲಿ ತುಳು, ಇಲ್ಲವೇ ಕೊಂಕಣಿ, ಇಲ್ಲವೇ ಬ್ಯಾರಿ. ಶಾಲೆಯಲ್ಲಿ ಕನ್ನಡ. ಕಾಲೇಜಿಗೆ ಹೋದ ಮೇಲೆ ಎಲ್ಲ ಇಂಗ್ಲಿಷು. ರಜಾ ಅರ್ಜಿ ಹೇಗೆ ಕಲಿತೆವು ನಾವೆಲ್ಲ? "ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್" ಅಂತ ಬಾಯಿಪಾಠ. ಜ್ವರ ಇಲ್ಲದಿದ್ದರೂ ಅದೇ ವಾಕ್ಯ. ಇಡೀ ತರಗತಿ ಅದನ್ನೇ ಬರೆಯುತ್ತಿತ್ತು, ಮೇಷ್ಟ್ರು ಮಾರ್ಕು ಕೊಡುತ್ತಿದ್ದರು. ಪ್ರಬಂಧಕ್ಕೂ ಗೈಡು. ಮೊದಲ ಪ್ಯಾರಾ ಪೀಠಿಕೆ, ಕೊನೆಯ ಪ್ಯಾರಾ ಉಪಸಂಹಾರ, ನಡುವೆ "ಅನುಕೂಲಗಳು, ಅನನುಕೂಲಗಳು". ಅಚ್ಚಿನಲ್ಲಿ ಒತ್ತಿದ ಹಾಗೆ ಬರೆ ಅಂತ ಹತ್ತು ಹದಿನೈದು ವರ್ಷ ಕಲಿಸಿದ್ದು ನಾವೇ. ಈಗ ಅಚ್ಚಿನಲ್ಲಿ ಒತ್ತಿದ ಹಾಗೆ ಉಂಟು, ಇದು ಯಂತ್ರದ್ದು ಅಂತ ಅವರ ಮೇಲೆ ದೂರು ಹಾಕುವುದೂ ನಾವೇ. ಇದ್ಯಾವ ನ್ಯಾಯ?

ಕನ್ನಡದಲ್ಲೂ ನಮ್ಮ ಕಥೆ ಬೇರೆಯಲ್ಲ. ಘಟ್ಟದ ಮೇಲಿನವರು "ನೀವು ಮಂಗಳೂರಿನವರು ಪುಸ್ತಕದ ಹಾಗೆ ಮಾತಾಡ್ತೀರಪ್ಪ" ಅಂತ ನಗುವುದು ಹೊಸತಲ್ಲ. ಹೌದು, ನಮ್ಮಲ್ಲಿ ಬಹಳ ಜನರಿಗೆ ಕನ್ನಡ ಬಂದದ್ದು ಪುಸ್ತಕದಿಂದ, ಯಕ್ಷಗಾನದ ಮಾತುಗಾರಿಕೆಯಿಂದ. ಪುಸ್ತಕದ ಹಾಗೆ ಬರೆಯುವುದೇ ಅಪರಾಧ ಅಂತಾದರೆ ಈ ಜಿಲ್ಲೆಯ ಅರ್ಧ ಜನ ಆರೋಪಿಗಳು. ಟರ್ನಿಟಿನ್ ಎಂಬ ಹೆಸರಾಂತ ಉಪಕರಣ 2023ರ ಏಪ್ರಿಲ್‌ನಲ್ಲಿ ಎಐ ಪತ್ತೆ ಶುರು ಮಾಡಿದ್ದು ಇಂಗ್ಲಿಷಿಗೆ ಮಾತ್ರ. ಯಾರಾದರೂ ಕನ್ನಡ ಪ್ರಬಂಧಕ್ಕೆ ಎಐ ಶೇಕಡಾ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಈ ಉಪಕರಣವನ್ನು ಕನ್ನಡದ ಮೇಲೆ ಪರೀಕ್ಷೆ ಮಾಡಿದ ಅಂಕಿ ಎಲ್ಲಿ? ತೋರಿಸಿ.

ಕಳ್ಳನಿಗೆ ದಾರಿ, ಸಾಚಾನಿಗೆ ಬೇಡಿ

ಆ ಸ್ಟ್ಯಾನ್‌ಫರ್ಡ್‌ನವರು ಇನ್ನೊಂದು ಪ್ರಯೋಗ ಮಾಡಿದರು. ಅದೇ 91 ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು, ಪದಗಳನ್ನು ಸ್ವಲ್ಪ ಘನವಾಗಿ ತಿದ್ದು ಅಂದರು. ತಿದ್ದಿದ ಮೇಲೆ ಪುನಃ ಉಪಕರಣಗಳಿಗೆ ಹಾಕಿದರು. ಈಗ "ಎಐ" ಅನ್ನಿಸಿಕೊಂಡದ್ದು ಶೇ. 61ರಿಂದ ಸುಮಾರು 12ಕ್ಕೆ ಇಳಿಯಿತು! ಸ್ವಂತವಾಗಿ ಬರೆದಾಗ ಕಳ್ಳ. ಯಂತ್ರದ ಕೈಯಲ್ಲಿ ತಿದ್ದಿಸಿದ ಮೇಲೆ ಸಾಚಾ.

ಈ ಗುಟ್ಟು ವ್ಯಾಪಾರಿಗಳಿಗೆ ಗೊತ್ತಾಗದೆ ಉಳಿಯುತ್ತದೆಯೇ? ಯಂತ್ರದ ಬರಹವನ್ನು ಮನುಷ್ಯರ ಬರಹದ ಹಾಗೆ ಮಾಡಿಕೊಡುತ್ತೇವೆ ಅಂತ "ಹ್ಯೂಮನೈಸರ್" ಎಂಬ ಸರಕು ಅಂತರ್ಜಾಲದಲ್ಲಿ ರಾಶಿ ಬಿದ್ದಿದೆ. ದುಡ್ಡು ಇದ್ದವನು, ಉಪಾಯ ಗೊತ್ತಿದ್ದವನು ತಪ್ಪಿಸಿಕೊಳ್ಳುತ್ತಾನೆ. ರಾತ್ರಿ ಕೂತು ತಾನೇ ಬರೆದ ಹುಡುಗಿ, ಬೀಡಿ ಕಟ್ಟಿ ಫೀಸು ಹೊಂದಿಸಿದ ಅಮ್ಮನ ಮಗಳು ಅಂತ ಇಟ್ಟುಕೊಳ್ಳಿ, ಅವಳು ಸಿಕ್ಕಿಬೀಳುತ್ತಾಳೆ. ತಾನು ಬರೆದದ್ದು ಅಂತ ಅವಳು ರುಜುವಾತು ಮಾಡುವುದಾದರೂ ಹೇಗೆ?

ಲೆಕ್ಕ ಹಾಕಿ ನೋಡಿ

"ತಪ್ಪು ನೂರಕ್ಕೆ ಒಂದೋ ಐದೋ ಇರಬಹುದು, ಅದಕ್ಕೆ ಇಷ್ಟು ಗಲಾಟೆಯಾ?" ಅನ್ನುವವರಿದ್ದಾರೆ. ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡುವುದು ಅಧಿಕಪ್ರಸಂಗ, ಆದರೂ ಇಲ್ಲಿ ಒಂದು ಕಣ್ಕಟ್ಟು ಉಂಟು.

ಒಂದು ಕಾಲೇಜಿನಲ್ಲಿ 1,000 ಮಕ್ಕಳು ಅಸೈನ್‌ಮೆಂಟ್ ಬರೆದರು ಅಂತ ಭಾವಿಸಿ. 100 ಮಂದಿ ಎಐ ಕೈಯಲ್ಲಿ ಬರೆಸಿದವರು, 900 ಮಂದಿ ಸ್ವಂತ ಬರೆದವರು. ಉಪಕರಣ ಒಳ್ಳೆಯದೇ ಅನ್ನಿ. ಆ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ. ಸ್ವಂತ ಬರೆದವರಲ್ಲಿ ನೂರಕ್ಕೆ ಬರೇ ಐದು ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. 900ಕ್ಕೆ ಅದು 45. ಒಟ್ಟು ಸಿಕ್ಕಿಬಿದ್ದವರು 125. ಅವರಲ್ಲಿ 45 ಮಂದಿ ನಿರಪರಾಧಿಗಳು. ಅಂದರೆ ಪ್ರಾಂಶುಪಾಲರ ಕೋಣೆಯ ಹೊರಗೆ ತಲೆ ತಗ್ಗಿಸಿ ನಿಂತ ಮೂವರಲ್ಲಿ ಒಬ್ಬ ಏನೂ ಮಾಡದವನು. ಹೊರಗಿನಿಂದ ನೋಡಿದರೆ ಮೂವರ ಮುಖವೂ ಒಂದೇ ಹಾಗೆ ಬಾಡಿರುತ್ತದೆ.

ಇದು ನಾವು ಇಲ್ಲಿ ಕೂತು ಕಟ್ಟಿದ ಲೆಕ್ಕ ಆಯಿತು. ಇಂಥ ಲೆಕ್ಕವನ್ನೇ ಹಾಕಿ ಒಂದು ದೊಡ್ಡ ವಿಶ್ವವಿದ್ಯಾನಿಲಯ ಕೈಬಿಟ್ಟದ್ದೂ ಉಂಟು. ಟರ್ನಿಟಿನ್‌ನವರು ತಮ್ಮ ಉಪಕರಣದ ತಪ್ಪು ಶೇ. 1ಕ್ಕಿಂತ ಕಡಿಮೆ ಅಂತ ಹೇಳಿದ್ದರು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯ ಲೆಕ್ಕ ಹಾಕಿತು: 2022ರಲ್ಲಿ ನಾವು ಟರ್ನಿಟಿನ್‌ಗೆ ಹಾಕಿದ ಪ್ರಬಂಧ 75,000. ಶೇ. 1 ಅಂದರೂ 750 ಪ್ರಬಂಧಗಳ ಮೇಲೆ ಸುಳ್ಳು ಆಪಾದನೆ ಬರಬಹುದಿತ್ತು. 2023ರ ಆಗಸ್ಟ್‌ನಲ್ಲಿ ಅವರು ಎಐ ಪತ್ತೆಯ ಸ್ವಿಚ್ಚನ್ನು ಆರಿಸಿಬಿಟ್ಟರು. ಟರ್ನಿಟಿನ್ ಕೂಡ ತನ್ನ ವರದಿಯಲ್ಲೇ ಎಚ್ಚರಿಕೆ ಕೊಡುತ್ತದೆ, ಈ ಅಂಕಿಯೊಂದನ್ನೇ ನೆಚ್ಚಿಕೊಂಡು ವಿದ್ಯಾರ್ಥಿಯ ಮೇಲೆ ಕ್ರಮ ಕೈಗೊಳ್ಳಬಾರದು ಅಂತ. ಆ ಸಣ್ಣ ಅಕ್ಷರವನ್ನು ಓದುವ ವ್ಯವಧಾನ ಎಷ್ಟು ಮಂದಿಗೆ ಉಂಟು?

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಎಲ್ಲ ಉಪಕರಣಗಳೂ ಒಂದೇ ಅಲ್ಲ. 2025ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು ನಾಲ್ಕು ಉಪಕರಣಗಳನ್ನು ಹೋಲಿಸಿದಾಗ ಒಂದು ತುಂಬ ಚೆನ್ನಾಗಿ ಕೆಲಸ ಮಾಡಿತು, ಉಚಿತವಾಗಿ ಸಿಗುವ ಒಂದು ತೀರಾ ಕೆಟ್ಟದಾಗಿ ತಪ್ಪಿತು. ಅಂದರೆ ಒಳ್ಳೆಯ ತಕ್ಕಡಿಯೂ ಉಂಟು, ಕೆಟ್ಟದೂ ಉಂಟು. ಹಾಗಿರುವಾಗ ಕಾಲೇಜಿನವರ ಮೇಜಿನ ಮೇಲಿರುವುದು ಯಾವುದು ಅಂತ ನೋಡಿ ಹೇಳುವವರು ಬೇಡವೇ?

ಕೋರ್ಟಿನ ಕಥೆ

ಇದೆಲ್ಲ ಅಮೆರಿಕದ್ದು, ನಮಗೆ ಎಂತಕ್ಕೆ ಅನ್ನಬೇಡಿ. ನಮ್ಮ ದೇಶದಲ್ಲೂ ಇದು ಕೋರ್ಟಿನ ಮೆಟ್ಟಿಲು ಹತ್ತಿ ಆಗಿದೆ. ಹರಿಯಾಣದ ಸೋನಿಪತ್‌ನಲ್ಲಿರುವ ಜಿಂದಾಲ್ ವಿಶ್ವವಿದ್ಯಾನಿಲಯದಲ್ಲಿ ಒಬ್ಬ ಕಾನೂನು ಸ್ನಾತಕೋತ್ತರ ವಿದ್ಯಾರ್ಥಿಯ ಉತ್ತರದಲ್ಲಿ ಶೇ. 88 ಎಐ ಬರೆದದ್ದು ಅಂತ ಹೇಳಿ ಅವರನ್ನು ಅನುತ್ತೀರ್ಣಗೊಳಿಸಿದರು. ಅವರು ಸುಮ್ಮನೆ ಕೂರಲಿಲ್ಲ. 2024ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋದರು. ಉತ್ತರ ನನ್ನದೇ, ಎಐ ಬಳಸಬಾರದು ಅಂತ ನಿಮ್ಮ ನಿಯಮ ಎಲ್ಲಿ, ಪುರಾವೆ ಎಲ್ಲಿ ಅಂತ ಕೇಳಿದರು. ಕೋರ್ಟು ನೋಟೀಸು ಕೊಟ್ಟಿತು. ಆಮೇಲೆ ವಿಶ್ವವಿದ್ಯಾನಿಲಯ ತನ್ನ ತೀರ್ಮಾನ ಬದಲಿಸಿ ಅವರನ್ನು ಉತ್ತೀರ್ಣ ಅಂತ ಘೋಷಿಸಿತು, ಅರ್ಜಿ ಅಲ್ಲಿಗೆ ಮುಗಿಯಿತು. ಅವರು ಕಾನೂನು ಓದಿದವರು, ಹೈಕೋರ್ಟಿನ ದಾರಿ ಗೊತ್ತಿತ್ತು. ಬೋಳಾರದ ಒಬ್ಬ ಬಿಕಾಂ ಹುಡುಗನಿಗೆ ಆ ದಾರಿ ಗೊತ್ತಿರುತ್ತದೆಯೇ?

ಈಗ ನಮ್ಮ ರಾಜ್ಯದ ಕಥೆ ಕೇಳಿ. ಇಲ್ಲಿ ಪಾಠ ಬೇರೆ. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಒಂದು ಆದೇಶ ಕೊಟ್ಟಿತು. ಅದರಲ್ಲಿ ಉಲ್ಲೇಖಿಸಿದ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಹುಡುಕಿದರೆ ಅಂಥವು ಇರಲೇ ಇಲ್ಲ. ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂದಕ್ಕೆ ಪಡೆದರು. ಮರುವರ್ಷ, 2025ರ ಮಾರ್ಚಿನಲ್ಲಿ, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರ ಮುಂದೆ ಇಂಥದೇ ಪ್ರಕರಣ ಬಂತು. ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಆಧಾರವಾಗಿ ಹಿಡಿದಿತ್ತು. ಆ ತೀರ್ಪುಗಳನ್ನು ಸುಪ್ರೀಂ ಕೋರ್ಟ್ ಎಂದೂ ಕೊಟ್ಟಿರಲಿಲ್ಲ. ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಡಲು ಹೈಕೋರ್ಟ್ ಸೂಚಿಸಿತು. ಇಲ್ಲದ್ದನ್ನು ಇದೆ ಅಂತ ಹೊಸೆಯುವುದು ಬರೆಯುವ ಯಂತ್ರಗಳ ಹಳೆಯ ಚಾಳಿ. ಹಾಗಾಗಿ ಎರಡೂ ಕಡೆ ಎಐ ಮೇಲೆ ಸಂಶಯ ಬಿತ್ತು.

ಗಮನಿಸಬೇಕಾದ್ದು ಇಲ್ಲೇ. ಇವು ಸಿಕ್ಕಿಬಿದ್ದದ್ದು ಹೇಗೆ? ತೀರ್ಪನ್ನು ಹೆಸರು ಹಿಡಿದು ಹುಡುಕಿದರು, ಸಿಗಲಿಲ್ಲ. ಅಷ್ಟೇ. ಶೇಕಡಾ 88, ಶೇಕಡಾ 70 ಅನ್ನುವ ಅಂಕಿಯ ಅಗತ್ಯವೇ ಬೀಳಲಿಲ್ಲ. ಬರೆದದ್ದು ಯಾರು ಅನ್ನುವುದಕ್ಕಿಂತ ಬರೆದದ್ದು ನಿಜವೇ ಅಂತ ನೋಡಿದರು. ಹೈಕೋರ್ಟಿಗೆ ಸಾಕಾದ ಈ ಕ್ರಮ ಒಂದು ಕಾಲೇಜಿನ ಅಸೈನ್‌ಮೆಂಟಿಗೆ ಸಾಲುವುದಿಲ್ಲವೇ?

ಹಂಚಿನ ಬೆನ್ನಿನ ಮುದ್ರೆ

ಬರೆಯುವ ಯಂತ್ರವೇ ತನ್ನ ಗುರುತು ಹಾಕಿ ಬಿಟ್ಟರೆ? ಬೋಳಾರದವರಿಗೆ ಈ ವಿಚಾರ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಪಕ್ಕದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ನೇತ್ರಾವತಿಯ ಈ ದಂಡೆಯ ಉದ್ದಕ್ಕೂ ಕಾರ್ಖಾನೆಗಳು ಎದ್ದವು. ಹೆಚ್ಚಿನವು ಈಗ ಬಾಗಿಲು ಹಾಕಿವೆ. ಆದರೆ ಹಳೆಯ ಮನೆಯ ಮಾಡಿನಿಂದ ಒಂದು ಹಂಚು ತೆಗೆದು ಬೆನ್ನು ನೋಡಿ, ಕಾರ್ಖಾನೆಯ ಹೆಸರು ಇನ್ನೂ ಓದಬಹುದು. ಮಣ್ಣು ಹಸಿ ಇರುವಾಗಲೇ ಅಚ್ಚಿನಲ್ಲಿ ಒತ್ತಿದ್ದು ಅದು. ಯಾರ ಹಂಚು ಅಂತ ಊಹೆ ಮಾಡುವ ಅಗತ್ಯ ಇಲ್ಲ.

ಗೂಗಲ್‌ನವರು ಬರಹಕ್ಕೆ ಇಂಥದೊಂದು ಮುದ್ರೆ ಮಾಡಿದ್ದಾರೆ. ಸಿಂಥ್‌ಐಡಿ ಅಂತ ಹೆಸರು. 2024ರ ಅಕ್ಟೋಬರಿನಲ್ಲಿ "ನೇಚರ್" ಪತ್ರಿಕೆಯಲ್ಲಿ ಅದರ ವಿವರ ಪ್ರಕಟವಾಯಿತು. ಯಂತ್ರ ಪದಗಳನ್ನು ಆರಿಸುವಾಗಲೇ ಕಣ್ಣಿಗೆ ಕಾಣದ ಒಂದು ಕ್ರಮ ಸೇರಿಸಿಬಿಡುತ್ತದೆ. ಆ ಕ್ರಮ ಗೊತ್ತಿದ್ದವರು ಹುಡುಕಿದರೆ ಸಿಗುತ್ತದೆ. ಇದು ಸಂಶಯಕ್ಕಿಂತ ಎಷ್ಟೋ ಮೇಲು. ಆದರೆ ಗೂಗಲ್‌ನ ಮುದ್ರೆ ಗೂಗಲ್‌ನ ಹಂಚಿಗೆ ಮಾತ್ರ, ಬೇರೆ ಕಂಪೆನಿಯ ಹಂಚಿಗೆ ಅಲ್ಲ. ಬರಹವನ್ನು ಪೂರ್ತಿ ತಿರುಗಿಸಿ ಬರೆದರೆ, ಬೇರೆ ಭಾಷೆಗೆ ಅನುವಾದಿಸಿದರೆ ಮುದ್ರೆ ಅಳಿಸುತ್ತಾ ಹೋಗುತ್ತದೆ. ಹಂಚು ಪುಡಿ ಮಾಡಿ ಗಾರೆಗೆ ಹಾಕಿದ ಮೇಲೆ ಹೆಸರು ಎಲ್ಲಿಂದ ಓದುವುದು?

ಹಾಗಾದರೆ ಎಂತ ಮಾಡುವುದು?

ಮಕ್ಕಳು ಎಐ ಕೈಯಲ್ಲಿ ಬರೆಸುವುದೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಬರೆಸುತ್ತಾರೆ. ಧಾರಾಳವಾಗಿ ಬರೆಸುತ್ತಾರೆ. ಅದು ತಡೆಯಬೇಕಾದ್ದೇ, ಯಾಕೆಂದರೆ ಬರೆಯದೆ ಬರೆಯಲು ಬರುವುದಿಲ್ಲ, ಈಜದೆ ಈಜು ಬಾರದ ಹಾಗೆ. ಆದರೆ ತಡೆಯಲು ಹಳೆಯ, ಖರ್ಚಿಲ್ಲದ ದಾರಿ ಉಂಟು.

ಬಂಗುಡೆ ತಾಜಾ ಹೌದೋ ಅಲ್ಲವೋ ಅಂತ ತಿಳಿಯಲು ನಮ್ಮವರು ಎಂತ ಮಾಡುತ್ತಾರೆ? ಕಿವಿರು ಎತ್ತಿ ನೋಡುತ್ತಾರೆ. ಹಾಗೆ ಮೇಷ್ಟ್ರು ಹುಡುಗನನ್ನು ಎದುರು ಕೂರಿಸಿ ಐದು ನಿಮಿಷ ಮಾತಾಡಿಸಲಿ. "ಈ ಎರಡನೇ ಪ್ಯಾರಾದಲ್ಲಿ ನೀನು ಹೇಳಿದ್ದು ಎಂತ? ಯಾಕೆ ಹಾಗೆ ಹೇಳಿದೆ?" ಬರೆದವನು ತಡವರಿಸಿದರೂ ಉತ್ತರ ಕೊಡುತ್ತಾನೆ. ಬರೆಸಿದವನಿಗೆ ತನ್ನ ಪ್ರಬಂಧದೊಳಗೆ ಎಂತ ಉಂಟು ಅಂತಲೇ ಗೊತ್ತಿರುವುದಿಲ್ಲ. ಅರುವತ್ತು ಮಕ್ಕಳ ತರಗತಿಯಲ್ಲಿ ಎಲ್ಲರನ್ನೂ ಕೂರಿಸಲು ಸಮಯ ಎಲ್ಲಿ ಅಂತ ಅಧ್ಯಾಪಕರು ಕೇಳಬಹುದು, ಕೇಳುವುದು ನ್ಯಾಯವೇ. ಎಲ್ಲರನ್ನೂ ಬೇಡ, ಸಂಶಯ ಬಂದವರನ್ನು ಕೂರಿಸಿ. ಉಳಿದದ್ದಕ್ಕೆ ತರಗತಿಯಲ್ಲೇ ಒಂದು ಪುಟ ಕೈಬರಹದಲ್ಲಿ ಬರೆಸಿ.

ಮಕ್ಕಳಿಗೂ ಒಂದು ಮಾತು. ಕಚ್ಚಾ ಪ್ರತಿ ಬಿಸಾಡಬೇಡಿ. ರಫ್ ಪುಸ್ತಕ, ಗೀಚಿ ಹೊಡೆದುಹಾಕಿದ ಸಾಲು, ಲೈಬ್ರರಿಯಲ್ಲಿ ಮಾಡಿಕೊಂಡ ಟಿಪ್ಪಣಿ, ಎಲ್ಲ ಇರಲಿ. ಕಂಪ್ಯೂಟರಿನಲ್ಲಿ ಬರೆಯುವುದಾದರೆ ದಿನಾ ಬರೆದದ್ದನ್ನು ಬೇರೆ ಬೇರೆ ಹೆಸರಿನಲ್ಲಿ ಉಳಿಸಿಡಿ. ಅಂಗಡಿಯವರು ರಶೀದಿ ಇಟ್ಟುಕೊಂಡ ಹಾಗೆ. ಆಪಾದನೆ ಬಂದರೆ ಅಳುತ್ತಾ ಕೂರಬೇಡಿ, ಬರವಣಿಗೆಯಲ್ಲಿ ಕೇಳಿ: ಯಾವ ಉಪಕರಣ, ಅದರ ಪೂರ್ತಿ ವರದಿ ಕೊಡಿ, ನಾನು ಬರೆದ ಭಾಷೆಗೆ ಅದನ್ನು ಪರೀಕ್ಷಿಸಿದ್ದಾರೆಯೇ, ನನಗೆ ಮಾತಾಡಲು ಅವಕಾಶ ಕೊಡುತ್ತೀರಾ? ಇದು ಉದ್ಧಟತನ ಅಲ್ಲ. ತೂಕದಲ್ಲಿ ಸಂಶಯ ಬಂದ ಗಿರಾಕಿ "ಇನ್ನೊಮ್ಮೆ ತೂಗಿ" ಅಂದರೆ ಮರ್ಯಾದಸ್ಥ ಅಂಗಡಿಯವನು ಸಿಟ್ಟು ಮಾಡಿಕೊಳ್ಳುವುದಿಲ್ಲ.

ಅಪ್ಪ ಅಮ್ಮಂದಿರು ಕಾಲೇಜಿನಿಂದ ಫೋನ್ ಬಂದ ಕೂಡಲೇ ಮಗನಿಗೆ ಎರಡು ಬಾರಿಸಲು ಹೊರಡಬೇಡಿ. ಮೊದಲು ರಫ್ ಪುಸ್ತಕ ತೆಗೆಸಿ ನೋಡಿ.

ಇನ್ನು ಆಡಳಿತ ಮಂಡಳಿಗಳು, ವಿಶ್ವವಿದ್ಯಾನಿಲಯದವರು. ಎಐ ಎಲ್ಲಿ ಬಳಸಬಹುದು, ಎಲ್ಲಿ ಬಾರದು ಅಂತ ಶೈಕ್ಷಣಿಕ ವರ್ಷದ ಮೊದಲೇ ಎರಡು ಪುಟದಲ್ಲಿ ಬರೆದು ಗೋಡೆಗೆ ಅಂಟಿಸಿ. ಬರೇ ಶೇಕಡಾವಾರು ನೋಡಿ ಯಾರ ಮಾರ್ಕನ್ನೂ ಕಡಿಯುವುದಿಲ್ಲ ಅಂತ ಅದರಲ್ಲೇ ಸೇರಿಸಿ. ದೂರು ಕೇಳಲು ಒಬ್ಬರನ್ನು ನೇಮಿಸಿ.

ಕಾಲು ಕಿಲೋ ಬೆಂಡೆಕಾಯಿಯಲ್ಲಿ ಹತ್ತು ಗ್ರಾಂ ಹೆಚ್ಚುಕಡಿಮೆ ಆದೀತು ಅಂತ ತಕ್ಕಡಿಗೆ ವರ್ಷಾ ವರ್ಷಾ ಮುದ್ರೆ ಕೇಳುವ ಸರಕಾರ ನಮ್ಮದು. ಮಕ್ಕಳ ಮೂರು ವರ್ಷದ ಓದನ್ನು ತೂಗುವ ಯಂತ್ರಕ್ಕೂ ಒಬ್ಬ ಇನ್‌ಸ್ಪೆಕ್ಟರ್ ಬೇಡವೇ? ಸಂಬಂಧಪಟ್ಟವರು ಪರೀಕ್ಷೆಗಳು ಶುರುವಾಗುವ ಮೊದಲೇ ಇತ್ತ ಗಮನ ಹರಿಸಬೇಕು.